ಬೃಹತ್ ಬ್ಯಾಂಕಿನ ರಚನೆ, ಆಡಳಿತ ಮತ್ತು ಸಂಸ್ಕೃತಿ

ಬೃಹತ್ ಬ್ಯಾಂಕೊಂದರ ಸ್ವರೂಪವನ್ನು ಅರಿಯಬೇಕಾದರೆ ಅದರ ರಚನೆ, ಆಡಳಿತ, ಸಂಸ್ಕೃತಿ ಎಂಬ ಮೂರು ಅಂಗಗಳನ್ನೂ ಪರಿಶೀಲಿಸಬೇಕು. ಇದಕ್ಕೆ ಕೆನರಾ ಬ್ಯಾಂಕು ಉತ್ತಮ ನಿದರ್ಶನ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಎಂಬ ಹೆಸರಿನಿಂದ ಸ್ಥಾಪಿಸಿದ ಈ ಸಂಸ್ಥೆಯು 1969ರಲ್ಲಿ ರಾಷ್ಟ್ರೀಕರಣಗೊಂಡಿತು. ಶಾಖೆ, ಪ್ರಾದೇಶಿಕ ಕಚೇರಿ, ವೃತ್ತ ಕಚೇರಿ, ಪ್ರಧಾನ ಕಚೇರಿ ಇವು ಅದರ ಮೆಟ್ಟಿಲುಗಳು. ನೀತಿನಿರ್ಧಾರವು ನಿರ್ದೇಶಕ ಮಂಡಳಿಯದು. ಮೇಲ್ವಿಚಾರಣೆ ರಿಸರ್ವ್ ಬ್ಯಾಂಕಿನದು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಇದರಲ್ಲಿ ವಿಲೀನವಾಯಿತು. 1925ರಲ್ಲಿ ಉಡುಪಿಯಲ್ಲಿ ಜನ್ಮತಾಳಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಉಳಿತಾಯವನ್ನೂ ಪ್ರತಿನಿಧಿಗಳ ಮೂಲಕ ಮನೆಬಾಗಿಲಿನಲ್ಲಿಯೇ ಸಂಗ್ರಹಿಸಿತು. ಬಡವನ ಎರಡಾಣೆಯೂ ಗೌರವಾರ್ಹವೆಂಬ ಭಾವನೆಯೇ ಅದರ ಸಂಸ್ಕೃತಿಯಾಗಿದ್ದಿತು.

ವಿಲೀನದಿಂದ ಲೆಕ್ಕಪತ್ರಗಳು ಒಂದಾಗುತ್ತವೆ, ನಾಮಫಲಕಗಳು ಬದಲಾಗುತ್ತವೆ. ಸಂಸ್ಕೃತಿಯಾದರೋ ಆದೇಶಪತ್ರದಿಂದ ವರ್ಗವಾಗುವಂಥದಲ್ಲ. ಶಾಖೆಯ ನೌಕರನು ತನ್ನ ದೈನಂದಿನ ಕೆಲಸವನ್ನು ಕಾಯಕವೆಂದು ಬಗೆದಾಗ ಮಾತ್ರ ಅದು ಉಳಿಯುತ್ತದೆ. ಠೇವಣಿದಾರನ ವಿಶ್ವಾಸವೇ ಬ್ಯಾಂಕಿನ ನಿಜವಾದ ಮೂಲಧನ. ಸಾರ್ವಜನಿಕರ ಹಣವನ್ನು ನಿರ್ವಹಿಸುವ ಪ್ರತಿಯೊಂದು ಸಂಸ್ಥೆಯೂ ಈ ಸತ್ಯವನ್ನು ಮನಗಾಣಬೇಕು.