ರೇಷನ್ ಕಾರ್ಡ್ ರದ್ದಾಯಿತೇ? ಆದೇಶದ ಪ್ರತಿ ಕೇಳಿ

ನೆಟ್ಟಣದ ಕೂಲಿಯವರು ಕಡಬದ ತಾಲೂಕು ಕಚೇರಿಗೆ ಹೋದರೆ ಆ ದಿನದ ಸಂಬಳ ಇಲ್ಲ. ಹಾಗಾಗಿ ಸೊಸೈಟಿಯಲ್ಲಿ “ಕಾರ್ಡ್ ರದ್ದಾಗಿದೆ” ಎಂದೊಡನೆ ಅನೇಕರು ಸುಮ್ಮನಾಗಿಬಿಡುತ್ತಾರೆ. ಆದರೆ ಆ ಕಾರ್ಡಿಗೆ ಸಿಗುವ ಅಕ್ಕಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಹಕ್ಕು: ಆದ್ಯತಾ ಕುಟುಂಬದಲ್ಲಿ ತಲಾ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಬಿಪಿಎಲ್ ಕಾರ್ಡ್ ಹೋದರೆ ಆಸ್ಪತ್ರೆಯಲ್ಲಿ 5 ಲಕ್ಷ ರೂಪಾಯಿವರೆಗೆ ಸಿಗುವ ಉಚಿತ ಚಿಕಿತ್ಸೆಗೂ ಕುತ್ತು.

ಅನರ್ಹರ ಕಾರ್ಡನ್ನು ಸರಕಾರ ರದ್ದು ಮಾಡಬಹುದು, ಅದರಲ್ಲಿ ತಕರಾರಿಲ್ಲ. ಆದರೆ ಕಾರಣ ತಿಳಿಸಿ, ನಿಮ್ಮ ಮಾತು ಕೇಳಿದ ಮೇಲೆ. ನೋಟಿಸೇ ಕೊಡದೆ ಕಂಪ್ಯೂಟರಿನಲ್ಲಿ ಹೆಸರು ಅಳಿಸುವುದು ಸಹಜ ನ್ಯಾಯಕ್ಕೆ ವಿರುದ್ಧ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಕಾರ್ಡುಗಳು ಹೀಗೆ ರದ್ದಾಗಿ ಗದ್ದಲವೆದ್ದಾಗ, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸುವುದಾಗಿ ಸರಕಾರವೇ ಹೇಳಬೇಕಾಯಿತು. ಬ್ಯಾಂಕ್ ಸಾಲಕ್ಕೆಂದು ರಿಟರ್ನ್ ಸಲ್ಲಿಸಿದ್ದೀರಾ? ಅಷ್ಟರಿಂದಲೇ ನೀವು ತೆರಿಗೆ ಕಟ್ಟುವವರಾಗುವುದಿಲ್ಲ. ತೆರಿಗೆ ಸೊನ್ನೆ ಇರುವ ಆ ರಿಟರ್ನಿನ ಪ್ರತಿಯನ್ನೇ ಮುಂದೆ ಹೇಳುವ ಅರ್ಜಿಗೆ ಲಗತ್ತಿಸಿ.

ಇನ್ನು ರೇಷನ್ ಅಂಗಡಿಯ ಯಂತ್ರದಲ್ಲಿ ತಂಬ್ (ಬೆರಳಚ್ಚು) ಬೀಳದವರ ಕಷ್ಟ. ಅಡಿಕೆ ಸುಲಿದು, ರಬ್ಬರ್ ಟ್ಯಾಪಿಂಗ್ ಮಾಡಿ ಬೆರಳ ಗೆರೆ ಸವೆದವರಿಗೆ ಯಂತ್ರ ಒಲಿಯುವುದಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕೂ ಇರುವುದಿಲ್ಲ. ಆಧಾರ್ ತೊಡಕಿನಿಂದ ಜೀವವೇ ಹೋಯಿತೆಂಬ ಆರೋಪವೂ ಇದೆ. ಗೋಕರ್ಣದಲ್ಲಿ 2017ರ ಜುಲೈನಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ತೀರಿಕೊಂಡರು. ಆಧಾರ್ ಜೋಡಿಸದ್ದಕ್ಕೆ ರೇಷನ್ ನಿಂತು ಹಸಿವಿನಿಂದ ಸತ್ತರೆಂದು ಮಾನವ ಹಕ್ಕು ಕಾರ್ಯಕರ್ತರು ಹೇಳಿದರೆ, ಆಡಳಿತ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ಸುತ್ತೋಲೆ ಹೊರಡಿಸಿತು: ಆಧಾರ್ ಇಲ್ಲವೆಂದು ಕಾರ್ಡ್ ಅಳಿಸಬಾರದು, ತಂಬ್ ಬೀಳದಿದ್ದರೆ ಆಧಾರ್ ಮತ್ತು ರೇಷನ್ ಕಾರ್ಡ್ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಡಬೇಕು. ಅಂಗಡಿಯಲ್ಲಿ ಆ ಪುಸ್ತಕವನ್ನೇ ಕೇಳಿ. 2018ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ದೃಢೀಕರಣ ವಿಫಲವಾಯಿತೆಂದು ಯಾರಿಗೂ ಸೌಲಭ್ಯ ತಪ್ಪಬಾರದೆಂದಿದೆ.

ಮೊದಲು 1967ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಳಿಕ ತಾಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ರದ್ದತಿ ಆದೇಶದ ಪ್ರತಿ ಕೇಳಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಸಾಕ್ಷಿ ಇರುವುದಿಲ್ಲ. ಅಲ್ಲಿ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನಡಿ ಜಿಲ್ಲಾ ಕುಂದುಕೊರತೆ ಪರಿಹಾರ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ. ಅರ್ಹರಿಗೆ ಧಾನ್ಯ ಸಿಗದ ತಿಂಗಳಿಗೆ 8ನೇ ಕಲಮಿನಡಿ ಆಹಾರ ಭದ್ರತಾ ಭತ್ಯೆಯನ್ನೂ ಕೇಳಬಹುದು. ಇದನ್ನು ಕೇಳುವವರೇ ಕಡಿಮೆ.

ವಕೀಲರು ಬೇಕಿದ್ದರೆ ಪುತ್ತೂರು, ಸುಳ್ಯ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗಳಿವೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ, ಸಹಾಯವಾಣಿ 15100. ಮಾಹಿತಿ ಹಕ್ಕಿನಲ್ಲಿ ರದ್ದತಿಯ ಕಡತ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ಬಿಪಿಎಲ್‌ನವರಿಗೆ ಅದರ ಶುಲ್ಕವಿಲ್ಲ, ಆದರೆ ಕಾರ್ಡೇ ರದ್ದಾದವರು ಅದನ್ನು ತೋರಿಸುವುದೆಲ್ಲಿಂದ! ವಾದಕ್ಕೆ ನಿಲ್ಲದೆ 10 ರೂಪಾಯಿ ಕಟ್ಟಿಬಿಡಿ.