ಓದಿದ್ದು ತಲೆಗೆ ಹತ್ತಬೇಕಾದರೆ

ಪಡೀಲಿನಲ್ಲಿ ಹೆದ್ದಾರಿಯೂ ರೈಲು ಹಳಿಯೂ ಸೇರುತ್ತವೆ. ಭಾಷೆಗಳೂ ಸೇರುತ್ತವೆ. ನಾನು ಪಾಠ ಮಾಡುವ ನಾಲ್ಕನೇ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮನೆಮಾತಿನ ಮಕ್ಕಳಿದ್ದಾರೆ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳ ಮಾತು ಕನ್ನಡವೇ, ಆದರೆ ಅದಕ್ಕೂ ಪುಸ್ತಕದ ಕನ್ನಡಕ್ಕೂ ಬಹಳ ದೂರ. ಪಠ್ಯದ ಭಾಷೆ ಇಲ್ಲಿ ಯಾರ ಮನೆಯದ್ದೂ ಅಲ್ಲ. ಹೊಸದಾಗಿ ಶಾಲೆಗೆ ಬರುವ ಶಿಕ್ಷಕರಿಗೆ ಉಪಯೋಗವಾದೀತೆಂದು ನನಗೆ ಕಂಡದ್ದನ್ನು ಬರೆದಿಡುತ್ತಿದ್ದೇನೆ.

1. ಸರಿಯುತ್ತರ ಬಂತೆಂದು ಮುಂದಕ್ಕೆ ಹೋಗಬೇಡಿ.

ಒಂದು ದಿನ ಬೋರ್ಡಿನ ಮೇಲೆ ‘ಡಿಂಬನು ಬೆಳಿಗ್ಗೆ ಗೊಸಕಿಗೆ ತರಪಿದನು’ ಎಂದು ಬರೆದೆ. ಡಿಂಬನು ಎಲ್ಲಿಗೆ ತರಪಿದನು? ‘ಗೊಸಕಿಗೆ!’ ಎಂದು ಇಡೀ ತರಗತಿ ಕೂಗಿತು. ಯಾವಾಗ? ‘ಬೆಳಿಗ್ಗೆ!’ ಹಾಗಾದರೆ ಗೊಸಕಿ ಎಂದರೇನು ಮಕ್ಕಳೇ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಎದ್ದು ನಿಂತು, ‘ಅದು ಪುಸ್ತಕದಲ್ಲಿ ಮಾತ್ರ ಇರುವ ಊರು ಟೀಚರ್’ ಅಂದಳು.

ನಮ್ಮ ವಿಭಕ್ತಿ ಪ್ರತ್ಯಯಗಳು ಎಷ್ಟು ಗಟ್ಟಿಯೆಂದರೆ, ಅರ್ಥ ಗೊತ್ತಿಲ್ಲದೆಯೂ ಉತ್ತರ ಬರೆಯಬಹುದು. ‘ಎಲ್ಲಿಗೆ’ ಎಂದು ಕೇಳಿದರೆ ‘ಗೆ’ ಇರುವ ಪದ, ‘ಯಾರಿಂದ’ ಎಂದರೆ ‘ಇಂದ’ ಇರುವ ಪದ. ಪಾಠದ ಕೊನೆಯ ಒಂದು ವಾಕ್ಯದ ಪ್ರಶ್ನೆಗಳಲ್ಲಿ ಹೆಚ್ಚಿನವು ಪರೀಕ್ಷಿಸುವುದು ಈ ಜಾಣ್ಮೆಯನ್ನೇ. ಅವನ್ನು ಬಿಡಬೇಕೆಂದಲ್ಲ, ಜೊತೆಗೆ ಇನ್ನೆರಡು ಕೇಳಬೇಕು: ಅವಳು ಹಾಗೆ ಯಾಕೆ ಮಾಡಿದಳು? ಅದು ನಿನಗೆ ಯಾವ ಸಾಲಿನಿಂದ ಗೊತ್ತಾಯಿತು, ಬೆರಳಿಟ್ಟು ತೋರಿಸು. ಈ ಎರಡನೆಯ ಪ್ರಶ್ನೆಯಷ್ಟು ಕಲಿಸುವ ಪ್ರಶ್ನೆ ಬೇರೆ ಇಲ್ಲ. ಬೆರಳು ತಪ್ಪು ಸಾಲಿನ ಮೇಲೆ ನಿಂತಾಗ ಮಗು ಎಲ್ಲಿ ದಾರಿ ತಪ್ಪಿತೆಂದು ನಮಗೂ ಗೊತ್ತಾಗುತ್ತದೆ.

2. ಓದು ಕನ್ನಡದಲ್ಲಿರಲಿ, ಮಾತು ಮನೆಭಾಷೆಯಲ್ಲಿ ಬಂದರೂ ಬರಲಿ.

‘ಪ್ರವಾಹ’ ಬಂದ ಪಾಠದಲ್ಲಿ ಅರ್ಥ ಹೇಳಲು ಯಾರೂ ಕೈ ಎತ್ತಲಿಲ್ಲ. ‘ನೆರೆ’ ಎಂದಾಗ ನಾಲ್ಕು ಕೈ. ‘ಬೊಳ್ಳ’ ಎಂದದ್ದೇ ತಡ, ತುಳು ಮಕ್ಕಳೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅಡ್ಯಾರ್ ಕಡೆಯ ಹುಡುಗನೊಬ್ಬ 1974ರ ನೆರೆಯಲ್ಲಿ ನೇತ್ರಾವತಿ ತೋಟಕ್ಕೆ ನುಗ್ಗಿದ್ದನ್ನು ಅಜ್ಜಿ ಹೇಳಿದ ಹಾಗೆಯೇ ತುಳುವಿನಲ್ಲಿ ಹೇಳಿದ. ತುಳು ಬಾರದ ಮಕ್ಕಳಿಗೆ ಪಕ್ಕದವಳು ಕನ್ನಡದಲ್ಲಿ ವಿವರಿಸಿದಳು. ಆಮೇಲೆ ಪಾಠ ಓದಿದಾಗ ಮಕ್ಕಳಿಗೆ ಮುಂದೇನಾಯಿತೆಂದು ತಿಳಿಯುವ ಆತುರ. ಕೆಲವು ಶಾಲೆಗಳಲ್ಲಿ ತರಗತಿಯೊಳಗೆ ತುಳು, ಬ್ಯಾರಿ ಆಡಿದರೆ ಗದರುತ್ತಾರೆ. ಅದು ಮಗುವಿಗೆ ತಿಳಿದದ್ದನ್ನೆಲ್ಲ ಗೇಟಿನ ಹೊರಗೆ ಬಿಟ್ಟು ಬಾ ಎಂದ ಹಾಗೆ. ಕನಿಷ್ಠ ಐದನೇ ತರಗತಿಯವರೆಗೆ ಸಾಧ್ಯವಾದಲ್ಲೆಲ್ಲ ಮನೆಭಾಷೆಯಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

3. ತಡವರಿಸುವ ಮಗುವಿಗೆ ಆಗಲೇ ಅರ್ಥ ಕೇಳಬೇಡಿ.

ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಮೇಲೆ ಸಂಶೋಧನೆ ಮಾಡಿದ ಸೋನಾಲಿ ನಾಗ್ 2007ರಲ್ಲೇ ತೋರಿಸಿಕೊಟ್ಟಂತೆ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಕಲಿತಷ್ಟು ಬೇಗ ಇದು ಮುಗಿಯುವುದಿಲ್ಲ, ವರ್ಷಗಳೇ ಹಿಡಿಯುತ್ತವೆ. ಮೂರು, ನಾಲ್ಕನೇ ತರಗತಿಯಲ್ಲೂ ‘ಸಾಮರ್ಥ್ಯ’ದ ಮುಂದೆ ಮಗು ನಿಂತರೆ ಅದು ದಡ್ಡತನವಲ್ಲ. ‘ರ್ಥ್ಯ’ ಬಿಡಿಸುವುದರಲ್ಲೇ ಮನಸ್ಸೆಲ್ಲ ಮುಗಿದಿರುತ್ತದೆ. ನಾನು ಮೊದಲು ಇಡೀ ಪಾಠವನ್ನು ಓದಿ ಹೇಳುತ್ತೇನೆ, ಆಮೇಲೆ ಜೋಡಿಯಾಗಿ ಓದಿಸುತ್ತೇನೆ. ಪ್ರಶ್ನೆ ಬರುವುದು ಮೂರನೇ ಓದಿನಲ್ಲಿ.

4. ಎಲ್ಲ ಪದಗಳಿಗೂ ಒಂದೇ ಬೆಲೆಯಲ್ಲ.

‘ಅರಣ್ಯ: ಅಡವಿ, ಕಾನನ, ವಿಪಿನ’ ಎಂದು ನೋಟ್ಸಿನಲ್ಲಿ ಬರೆಸಿದರೆ ಗೊತ್ತಿಲ್ಲದ ಒಂದು ಪದದ ಜಾಗದಲ್ಲಿ ನಾಲ್ಕಾಗುತ್ತವೆ. ಅದಕ್ಕೆ ‘ಕಾಡು’ ಎಂದರೆ ಸಾಕು. ಸಮಯ ಕೊಡಬೇಕಾದದ್ದು ‘ಕಾರಣ’, ‘ಪರಿಣಾಮ’, ‘ಹೋಲಿಸು’, ‘ಅವಶ್ಯ’ದಂಥ ಪದಗಳಿಗೆ. ಇವು ಗಣಿತದಲ್ಲೂ ಪರಿಸರ ಅಧ್ಯಯನದಲ್ಲೂ ಮತ್ತೆ ಮತ್ತೆ ಎದುರಾಗುತ್ತವೆ, ಆಟದ ಬಯಲಿನಲ್ಲಿ ಕಿವಿಗೆ ಬೀಳುವುದಿಲ್ಲ. ವಾರಕ್ಕೆ ನಾಲ್ಕೈದು ಸಾಕು. ಆ ವಾರವಿಡೀ ನಾನೇ ಬೇಕೆಂದು ಅವನ್ನು ಬಳಸುತ್ತೇನೆ: ‘ಇವತ್ತು ತಡವಾಗಿ ಬರಲು ಕಾರಣವೇನು?’ ‘ಮಳೆ ಟೀಚರ್.’ ‘ಅದರ ಪರಿಣಾಮ?’ ‘ಚಂಡಿ ಆದೆ ಟೀಚರ್.’

ಪದ ಹುಟ್ಟುವ ಬಗೆ ತೋರಿಸುವುದೂ ಬೇಕು. ಓಡು–ಓಟ, ಆಡು–ಆಟ, ನೋಡು–ನೋಟ ಎಂದು ಮೂರನ್ನು ಬರೆದು ಬಿಟ್ಟೆ. ‘ಕೂಡು–ಕೂಟ’ ಬಂತು, ‘ಕಾಡು–ಕಾಟ’ ಬಂತು. ಒಬ್ಬ ‘ಹಾಡು–ಹಾಟ’ ಎಂದಾಗ ತರಗತಿಯೇ ಜಗಳಕ್ಕೆ ನಿಂತು, ಹಾಡು ಹಾಡೇ ಎಂದು ತೀರ್ಮಾನಿಸಿತು. ನಿಯಮವನ್ನು ಹುಡುಕಿದವರೂ ಅದು ಎಲ್ಲಿ ಮುರಿಯುತ್ತದೆಂದು ಕಂಡವರೂ ಮಕ್ಕಳೇ.

5. ಶಾಲೆಯ ಹೊರಗಿನ ಬರಹವನ್ನೂ ಓದಿಸಿ.

‘ಅಪಘಾತ ವಲಯ, ನಿಧಾನವಾಗಿ ಚಲಿಸಿ’ ಎಂಬ ಬೋರ್ಡಿನಲ್ಲಿ ಬರೆಯದೇ ಬಿಟ್ಟದ್ದೇನು? ಯಾರಿಗಾಗಿ ಬರೆದದ್ದು? ಇಲ್ಲೇ ಯಾಕೆ? ಸಾಲುಗಳ ನಡುವೆ ಓದುವ ಅಭ್ಯಾಸ ಇಲ್ಲಿಂದಲೇ ಶುರುವಾಗಬಹುದು. ಬಸ್ಸಿನ ಬೋರ್ಡ್, ಔಷಧದ ಚೀಟಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಪಠ್ಯವೇ.

6. ದಿನಕ್ಕೊಂದು ಕಥೆ ನೀವು ಓದಿ ಹೇಳಿ.

ಬಿಡುವಿಲ್ಲ ಎನ್ನುವವರಿಗೆ ನಾನು ನೆನಪಿಸುವುದು ಪಂಜೆ ಮಂಗೇಶರಾಯರನ್ನು (1874–1937). ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಈ ಜಿಲ್ಲೆಯ ಶಾಲೆಗಳನ್ನು ಸುತ್ತಿದವರು ಅವರು. ಮಕ್ಕಳಿಗೆ ಓದಲು ಕನ್ನಡದಲ್ಲಿ ಪುಸ್ತಕವಿಲ್ಲವೆಂದು ತಾವೇ ಬರೆದರು, ಬಾಲಸಾಹಿತ್ಯ ಮಂಡಲ ಕಟ್ಟಿದರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಒಂದು ಕಾರಣದಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಾ ಹೋಗುವ ಕಥೆ. ಒಣಮೀನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಪೀಠಿಕೆಯೇ ಬೇಡ. ನಡುವೆ ನಿಲ್ಲಿಸಿ ಮುಂದೇನು ಎಂದು ಊಹಿಸಲು ಬಿಡಿ. ಸ್ವಂತವಾಗಿ ಓದಲಾರದ ಮಗುವೂ ಇಲ್ಲಿ ಎಲ್ಲರ ಸಮಕ್ಕೆ ಯೋಚಿಸುತ್ತದೆ.

7. ಪುಸ್ತಕ ಹರಿಯುತ್ತದೆಂದು ಕಪಾಟಿಗೆ ಬೀಗ ಹಾಕಬೇಡಿ. ಹರಿದರೆ ಅಂಟಿಸೋಣ.

8. ಓದು ಬಾರದ ತಾಯಿಯೂ ಓದಿಗೆ ನೆರವಾಗಬಲ್ಲಳು.

ಪೋಷಕರ ಸಭೆಯಲ್ಲಿ ಬೀಡಿ ಕಟ್ಟುವ ಅಮ್ಮಂದಿರು ‘ನಮಗೆ ಕನ್ನಡ ಓದಲು ಬರುವುದಿಲ್ಲ, ನಾವೇನು ಮಾಡುವುದು ಟೀಚರ್’ ಎಂದು ಕೇಳುತ್ತಾರೆ. ಬೀಡಿ ಕಟ್ಟುತ್ತಲೇ ಕೇಳಿ ಎನ್ನುತ್ತೇನೆ: ಇವತ್ತಿನ ಕಥೆಯಲ್ಲಿ ಏನಾಯಿತು, ಯಾಕೆ ಹಾಗಾಯಿತು? ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಲಿ. ಹಾಗೆ ಮನೆಯಲ್ಲಿ ಕಥೆ ಹೇಳಿ ಬಂದ ಮಕ್ಕಳನ್ನು ಮರುದಿನ ಗುರುತಿಸಲು ನನಗೆ ಕಷ್ಟವಾಗುವುದಿಲ್ಲ. ಪ್ರಶ್ನೆ ಕೇಳಿದೊಡನೆ ಅವರು ಪುಸ್ತಕದ ಸಾಲು ಹುಡುಕುವುದಿಲ್ಲ. ತಲೆಯೆತ್ತಿ, ತಮ್ಮದೇ ಮಾತಿನಲ್ಲಿ ಶುರುಮಾಡುತ್ತಾರೆ.