ಕಿರುತೆರೆಯ ತಾಯಿ ಮತ್ತು ಅವಳ ಹೆಸರು: ಒಂದು ಕಥೆ, ಏಳು ಶೀರ್ಷಿಕೆಗಳು

ಭಾರತೀಯ ಭಾಷೆಗಳ ಕಿರುತೆರೆ ಧಾರಾವಾಹಿಗಳಲ್ಲಿ ತಾಯಿಯ ಪಾತ್ರ ಹೊಸದೇನಲ್ಲ. ತ್ಯಾಗಮಯಿಯಾದ ತಾಯಿ, ಸೊಸೆಯನ್ನು ಪೀಡಿಸುವ ಅತ್ತೆ, ಮಗನಿಗಾಗಿ ಕಾಯುವ ವಿಧವೆ ಮುಂತಾದ ಮಾದರಿಗಳು ನೋಡುಗರಿಗೆ ಚಿರಪರಿಚಿತ. ಆದರೆ ಮಕ್ಕಳು ಬೆಳೆದು ನಿಂತ ಮೇಲೆ, ನಡುವಯಸ್ಸಿನಲ್ಲಿ, ತಾನು ಯಾರು ಎಂದು ಕೇಳಿಕೊಳ್ಳುವ ತಾಯಿಯನ್ನು ದೈನಂದಿನ ಧಾರಾವಾಹಿಯ ಕೇಂದ್ರದಲ್ಲಿ ನಿಲ್ಲಿಸಿದ ಕೃತಿಗಳು ವಿರಳ. ಈ ದೃಷ್ಟಿಯಿಂದ, 2019ರಲ್ಲಿ ಸ್ಟಾರ್ ಜಲ್ಸಾ ವಾಹಿನಿಯಲ್ಲಿ ಆರಂಭವಾದ, ಲೀನಾ ಗಂಗೋಪಾಧ್ಯಾಯ ಅವರು ಬರೆದ ಬಂಗಾಳಿ ಧಾರಾವಾಹಿ ‘ಶ್ರೀಮಯೀ’ ಗಮನಾರ್ಹವಾದುದು. ಅದೇ ವರ್ಷ ಕನ್ನಡದಲ್ಲಿ ‘ಇಂತಿ ನಿಮ್ಮ ಆಶಾ’ ಎಂದೂ ಮರಾಠಿಯಲ್ಲಿ ‘ಆಯೀ ಕುಠೇ ಕಾಯ ಕರತೇ’ ಎಂದೂ, 2020ರಲ್ಲಿ ಮಲಯಾಳಂನಲ್ಲಿ ‘ಕುಡುಂಬವಿಳಕ್ಕು’, ತೆಲುಗಿನಲ್ಲಿ ‘ಇಂಟಿಂಟಿ ಗೃಹಲಕ್ಷ್ಮಿ’, ಹಿಂದಿಯಲ್ಲಿ ‘ಅನುಪಮಾ’, ತಮಿಳಿನಲ್ಲಿ ‘ಬಾಕ್ಯಲಕ್ಷ್ಮಿ’ ಎಂದೂ ಈ ಕಥೆ ಮರುಹುಟ್ಟು ಪಡೆಯಿತು.

ಒಂದೇ ತಾಯಿ ಏಳು ಭಾಷೆಗಳಲ್ಲಿ ಏಳು ಹೆಸರುಗಳಿಂದ ಮನೆಮನೆಗಳನ್ನು ಹೊಕ್ಕದ್ದು ತೌಲನಿಕ ಅಧ್ಯಯನಕ್ಕೆ ದೊರೆತ ಅಪೂರ್ವ ಸಾಮಗ್ರಿ. ಈ ಶೀರ್ಷಿಕೆಗಳನ್ನು ಭಾಷಿಕ ನೆಲೆಯಲ್ಲಿ ಪರಿಶೀಲಿಸಿ, ಅವುಗಳ ಹಿಂದಿರುವ ಸ್ತ್ರೀಕಲ್ಪನೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಥೆಯ ಹಂದರ

ಈ ಎಲ್ಲ ರೂಪಾಂತರಗಳ ಮೂಲಹಂದರ ಸರಳವಾದುದು. ಸುಮಾರು ಇಪ್ಪತ್ತೈದು ವರ್ಷಗಳ ದಾಂಪತ್ಯ ಕಳೆದ ಗೃಹಿಣಿ, ಪ್ರಾಯಕ್ಕೆ ಬಂದ ಮಕ್ಕಳು, ವೃದ್ಧರಾದ ಅತ್ತೆ ಮಾವ, ಬೇರೊಬ್ಬಳಲ್ಲಿ ಅನುರಕ್ತನಾದ ಗಂಡ. ಆ ಸಂಬಂಧ ಬಯಲಾದಾಗ ಗೃಹಿಣಿಯ ಲೋಕ ಕುಸಿಯುತ್ತದೆ. ಆ ಕುಸಿತದಿಂದಲೇ ಅವಳ ಅರಿವು ಮೊಳೆಯುತ್ತದೆ. ಮುಂಬಯಿ ಕನ್ನಡಿಗರಿಗೆ ಹೆಚ್ಚು ಪರಿಚಿತವಾದ ಮರಾಠಿ ರೂಪದಲ್ಲಿ ಮಧುರಾಣಿ ಪ್ರಭುಲ್ಕರ್ ನಿರ್ವಹಿಸಿದ ಅರುಂಧತಿ ಈ ಹಾದಿಯಲ್ಲಿ ನಡೆಯುತ್ತಾಳೆ. ಗಂಡ ಅನಿರುದ್ಧನಿಂದ ವಿಚ್ಛೇದನ ಪಡೆಯುತ್ತಾಳೆ, ಬಿಟ್ಟುಹೋಗಿದ್ದ ಹಾಡಿಗೆ ಮರಳುತ್ತಾಳೆ, ಮುಂದೆ ಹಳೆಯ ಸ್ನೇಹಿತ ಆಶುತೋಷನನ್ನು ಮದುವೆಯಾಗುತ್ತಾಳೆ. ಈ ಧಾರಾವಾಹಿ 2024ರವರೆಗೆ ಪ್ರಸಾರವಾಯಿತು.

ಪಾಶ್ಚಾತ್ಯ ಸಮಾಜಶಾಸ್ತ್ರದಲ್ಲಿ ಮಕ್ಕಳು ಮನೆ ಬಿಟ್ಟು ಹೋದ ಮೇಲಿನ ತಾಯಿಯ ಸ್ಥಿತಿಯನ್ನು ಬರಿದಾದ ಗೂಡಿಗೆ ಹೋಲಿಸುವುದುಂಟು. ಆದರೆ ಈ ಧಾರಾವಾಹಿಗಳಲ್ಲಿ ಗೂಡು ಬರಿದಾಗುವುದೇ ಇಲ್ಲ. ಮಕ್ಕಳು ಅಲ್ಲೇ ಇದ್ದಾರೆ, ಸೊಸೆ ಬರುತ್ತಾಳೆ, ಅತ್ತೆ ಮಾವಂದಿರು ನಡುಮನೆಯಲ್ಲೇ ಕುಳಿತಿದ್ದಾರೆ. ಮನೆ ತುಂಬಿದೆ, ಆದರೆ ಮಕ್ಕಳಿಗೆ ಅವಳು ಬೇಕಾಗುತ್ತಿದ್ದ ಬಗೆ ಮುಗಿದುಹೋಗಿದೆ. ಡಬ್ಬಿ ಕಟ್ಟಿಕೊಡಲು ಬೇಕಾದ ಅವಳು ಮಾತಿಗೆ ಬೇಕಿಲ್ಲ. ತುಂಬಿದ ಮನೆಯೊಳಗಿನ ಈ ಬರಿದುತನವೇ ಭಾರತೀಯ ಕೌಟುಂಬಿಕ ಸಂದರ್ಭದ ವಿಶಿಷ್ಟ ಅನುಭವವೆನ್ನಬಹುದು.

2. ಶೀರ್ಷಿಕೆಗಳ ಅರ್ಥಲೋಕ

ಏಳು ಶೀರ್ಷಿಕೆಗಳಲ್ಲಿ ನಾಲ್ಕು ನಾಯಕಿಯ ಹೆಸರನ್ನು ಒಳಗೊಂಡಿವೆ. ಮೂರರಲ್ಲಿ ಅವಳ ಹೆಸರಿಲ್ಲ. ಹೆಸರಿಲ್ಲದ ಮೂರನ್ನು ಮೊದಲು ನೋಡಬಹುದು. ತೆಲುಗಿನ ‘ಇಂಟಿಂಟಿ ಗೃಹಲಕ್ಷ್ಮಿ’ ಎಂದರೆ ಮನೆಮನೆಯ ಗೃಹಲಕ್ಷ್ಮಿ. ಇಲ್ಲಿ ‘ಇಂಟಿ’ ದ್ವಿರುಕ್ತಿಯಾಗಿ ಎರಡು ಸಲ, ‘ಗೃಹ’ ಮತ್ತೊಂದು ಸಲ, ಹೀಗೆ ಮನೆ ಎಂಬ ಅರ್ಥ ಒಂದೇ ಶೀರ್ಷಿಕೆಯಲ್ಲಿ ಮೂರು ಬಾರಿ ಬಂದಿದೆ. ನಾಯಕಿಯ ಹೆಸರು ತುಳಸಿ. ಅಂಗಳದ ಕಟ್ಟೆಯನ್ನು ನೆನಪಿಸುವ ಆ ಹೆಸರಿಗೂ ಇಲ್ಲಿ ಸ್ಥಳವಿಲ್ಲ. ಮಲಯಾಳಂನ ‘ಕುಡುಂಬವಿಳಕ್ಕು’ ಎಂದರೆ ಕುಟುಂಬದ ದೀಪ. ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆಯ ಬೆಳಕಿನಲ್ಲಿ ನೋಡಿದರೆ ಈ ಹೊಗಳಿಕೆಯ ಇನ್ನೊಂದು ಮುಖ ಗೋಚರಿಸುತ್ತದೆ.

ಮರಾಠಿ ಶೀರ್ಷಿಕೆ ಇವೆರಡಕ್ಕಿಂತ ಭಿನ್ನ. ಅದು ಪೂಜ್ಯಭಾವವನ್ನು ಬಿಟ್ಟು ಮನೆಯ ಆಡುಮಾತನ್ನು ಎತ್ತಿಕೊಂಡಿದೆ. ‘ಕುಠೇ’ ಎಂದರೆ ಎಲ್ಲಿ, ‘ಕಾಯ’ ಎಂದರೆ ಏನು. ಅಮ್ಮ ಎಲ್ಲಿ ಏನು ಮಾಡುತ್ತಾಳೆ ಎಂಬ ಈ ವಾಕ್ಯ ರೂಪದಲ್ಲಿ ಪ್ರಶ್ನೆ, ಅರ್ಥದಲ್ಲಿ ನಿಷೇಧ; ಏನೂ ಮಾಡುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಕನ್ನಡದಲ್ಲಿಯೂ ‘ಎಲ್ಲಿ’ ಎಂಬ ಪದಕ್ಕೆ ಈ ಪ್ರಯೋಗವಿದೆ; ‘ಅವನೆಲ್ಲಿ ಓದುತ್ತಾನೆ’ ಎಂದರೆ ಓದುವುದಿಲ್ಲವೆಂದೇ ಅರ್ಥ. ಈ ನಿಷೇಧಕ್ಕೆ ಅಂಕಿಸಂಖ್ಯೆಗಳು ಬೇರೆಯೇ ಉತ್ತರವನ್ನು ಕೊಡುತ್ತವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಇವು ಕ್ರಮವಾಗಿ 289 ಮತ್ತು 88. ಏನೂ ಮಾಡದವಳ ದಿನದಲ್ಲಿ ಐದು ಗಂಟೆಗಳಷ್ಟು ದುಡಿಮೆ ಅಡಗಿದೆ.

ಹೆಸರುಳ್ಳ ಶೀರ್ಷಿಕೆಗಳಲ್ಲಿ ‘ಶ್ರೀಮಯೀ’ ಎಂದರೆ ಸಿರಿಯಿಂದ ತುಂಬಿದವಳು. ‘ಬಾಕ್ಯಲಕ್ಷ್ಮಿ’ ಎಂಬುದು ಭಾಗ್ಯಲಕ್ಷ್ಮಿಯ ತಮಿಳು ರೂಪ. ಇವು ವ್ಯಕ್ತಿನಾಮಗಳೇ ಆದರೂ ಮನೆಗೆ ಸಂಪತ್ತನ್ನು ತರುವವಳೆಂಬ ನಿರೀಕ್ಷೆ ಅವುಗಳ ಬೆನ್ನಿಗಿದೆ. ‘ಅನುಪಮಾ’ ಎಂಬುದು ಅಲಂಕಾರಶಾಸ್ತ್ರದ ನೆನಪನ್ನು ತರುವ ಹೆಸರು: ಉಪಮೆಯಿಲ್ಲದವಳು. ಹೊಗಳಿಕೆಯಾಗಿ ಇಟ್ಟ ಈ ಹೆಸರಿಗೆ ಕಥೆಯಲ್ಲಿ ಇನ್ನೊಂದು ಅರ್ಥವೂ ಸಲ್ಲುತ್ತದೆ. ಲಕ್ಷ್ಮಿ, ದೀಪ ಮುಂತಾದ ಉಪಮಾನಗಳನ್ನು ಕಳಚಿದಾಗ ಉಳಿಯುವವಳೇ ಅವಳು.

ಕನ್ನಡದ ‘ಇಂತಿ ನಿಮ್ಮ ಆಶಾ’ ಇವೆಲ್ಲಕ್ಕಿಂತ ಬೇರೆಯಾದ ಒಂದು ಲೋಕದಿಂದ ಬಂದದ್ದು. ಅದು ಪತ್ರದ ಒಕ್ಕಣೆಯ ಮುಕ್ತಾಯ. ಹೀಗೆ ಎಂಬರ್ಥದ ‘ಇಂತಿ’ಯ ಬಳಿಕ, ‘ನಿಮ್ಮ’ ಎಂಬ ಷಷ್ಠೀ ವಿಭಕ್ತಿಯ ರೂಪ, ಕೊನೆಗೆ ರುಜು. (ತೆಲುಗಿನಲ್ಲಿ ‘ಇಂತಿ’ ಎಂದರೆ ಸ್ತ್ರೀ ಎಂಬುದು ಆಕಸ್ಮಿಕವಾದರೂ ಹೈದರಾಬಾದಿನ ಕನ್ನಡಿಗರಿಗೆ ಸ್ವಾರಸ್ಯಕರವಾದೀತು.) ಬೇರೆ ಶೀರ್ಷಿಕೆಗಳಲ್ಲಿ ಯಾರೋ ತಾಯಿಯನ್ನು ಕುರಿತು ಮಾತನಾಡುತ್ತಾರೆ, ಕನ್ನಡದಲ್ಲಿ ಅವಳೇ ಮಾತನಾಡುತ್ತಾಳೆ, ತನ್ನ ಹೆಸರನ್ನು ತಾನೇ ಬರೆಯುತ್ತಾಳೆ. ಆದರೂ ಆ ಹೆಸರಿಗೆ ಮೊದಲು ‘ನಿಮ್ಮ’ ಎಂಬ ಒಡೆತನದ ಪದವಿದೆ. ಸ್ವಂತ ಹೆಸರಿಗೂ ‘ನಿಮ್ಮ’ ಎಂಬುದಕ್ಕೂ ನಡುವಣ ಈ ಸೆಳೆತವೇ ಏಳೂ ಧಾರಾವಾಹಿಗಳ ಕೇಂದ್ರ ಸಮಸ್ಯೆ ಎನ್ನಬಹುದು.

3. ಅಭಿಜ್ಞಾನದ ಬಗೆ

ಈ ತಾಯಂದಿರು ಕಂಡುಕೊಳ್ಳುವುದು ಏನನ್ನು? ಅರುಂಧತಿಗೆ ಹಾಡು, ಅನುಪಮಾಗೆ ನೃತ್ಯ, ಬಾಕ್ಯಲಕ್ಷ್ಮಿಗೆ ಅಡುಗೆ. ಇವು ಯಾವುವೂ ಹೊಸದಾಗಿ ಕಲಿತ ವಿದ್ಯೆಗಳಲ್ಲ. ಅವಳಲ್ಲಿಯೇ ಇದ್ದು ಮನೆಯವರ ಗಣನೆಗೆ ಬಾರದಿದ್ದವು. ಆದ್ದರಿಂದ ಇದನ್ನು ಶೋಧ ಎನ್ನುವುದಕ್ಕಿಂತ ನಮ್ಮ ಕಾವ್ಯಪರಂಪರೆಯ ಮಾತಿನಲ್ಲಿ ಅಭಿಜ್ಞಾನ ಎನ್ನುವುದು ಹೆಚ್ಚು ಉಚಿತ. ಕಾಳಿದಾಸನ ಶಕುಂತಲೆಯನ್ನು ದುಷ್ಯಂತ ಗುರುತಿಸಲು ಉಂಗುರ ಬೇಕಾಯಿತು. ಇಲ್ಲಿ ಗುರುತಿಸಬೇಕಾದವಳು ಸ್ವತಃ ಅವಳೇ, ಕಲೆಯೇ ಉಂಗುರ.

ತಮಿಳಿನ ನಿದರ್ಶನ ಈ ವಿಚಾರದಲ್ಲಿ ಅರ್ಥಪೂರ್ಣವಾದುದು. ಒಲೆಯ ಮುಂದಿನ ಯಾವ ದುಡಿಮೆಗೆ ಮನೆಯಲ್ಲಿ ಬೆಲೆಯಿರಲಿಲ್ಲವೋ ಅದೇ ದುಡಿಮೆ ವ್ಯಾಪಾರವಾದಾಗ ಬೆಲೆ ಪಡೆಯುತ್ತದೆ. ಗೃಹಕೃತ್ಯಕ್ಕೆ ಮೌಲ್ಯ ಕಟ್ಟುವ ಪ್ರಶ್ನೆ ಧಾರಾವಾಹಿಗಳಿಗಷ್ಟೇ ಸೀಮಿತವಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಯೋಜನೆಯನ್ನು ಜಾರಿಗೆ ತಂದಾಗ ಅದಕ್ಕಿಟ್ಟ ಹೆಸರೂ ‘ಗೃಹಲಕ್ಷ್ಮಿ’ ಎಂಬುದು ಇಲ್ಲಿ ಸ್ಮರಣೀಯ. ಹಣ ಅವಳ ಕೈಗೆ ಬಂದರೂ ಹೆಸರು ಗೃಹದ್ದಾಗಿಯೇ ಉಳಿಯಿತು.

ಆದರೆ ಮರಾಠಿಯ ಆಶುತೋಷನಂತೆ ಹಿಂದಿಯಲ್ಲಿ ಅನುಜನೂ ನಾಯಕಿಯ ಪ್ರತಿಭೆಯನ್ನು ಗುರುತಿಸುವ ಪುರುಷನಾಗಿ ಬರುತ್ತಾನೆ. ಹೆಣ್ಣಿನ ಅರಿವಿಗೆ ಪುರುಷನ ಸಾಕ್ಷ್ಯ ಬೇಕೆಂಬ ಧೋರಣೆ ಇಲ್ಲಿ ಇಣುಕುತ್ತದೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ (1970) ನಂಜಮ್ಮನನ್ನು ಇದರೊಡನೆ ಹೋಲಿಸಿ ನೋಡಬಹುದು. ಶ್ಯಾನುಭೋಗನಾದ ಗಂಡನ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಕಿದ ಅವಳಿಗೆ ಅಂಥ ಸಾಕ್ಷಿ ದೊರೆಯಲಿಲ್ಲ. ಅವಳ ಅಕ್ಷರವೇ ಅವಳ ಬಲ. ಕಾದಂಬರಿಯ ಕಟುವಾಸ್ತವವನ್ನು ಧಾರಾವಾಹಿ ಸಾಂತ್ವನದಿಂದ ಮೃದುಗೊಳಿಸಿದೆ.

4. ಮುಗಿಯದ ಕಥೆಯ ಇಕ್ಕಟ್ಟು

ಧಾರಾವಾಹಿಯ ಸ್ವರೂಪವೂ ಇದಕ್ಕೆ ಕಾರಣ. ಕಾದಂಬರಿಗೆ ಅಂತ್ಯವಿದೆ, ದೈನಂದಿನ ಧಾರಾವಾಹಿ ವರ್ಷಗಟ್ಟಲೆ ಸಾಗಬೇಕು. ನಾಯಕಿ ತನ್ನನ್ನು ಕಂಡುಕೊಂಡು ಹೊರನಡೆದರೆ ಕಥೆ ಮುಗಿಯುತ್ತದೆ. ಆದಕಾರಣ ವಿಚ್ಛೇದನದ ನಂತರವೂ ಹಳೆಯ ಮನೆಯ ಒಂದೊಂದು ಸಂಕಟ ಅವಳನ್ನು ಕರೆಯುತ್ತದೆ, ಅವಳು ಹೋಗುತ್ತಾಳೆ. ಇದು ಪ್ರಸಾರದ ಅನಿವಾರ್ಯತೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ನಡುವಯಸ್ಸಿನ ಹೆಣ್ಣಿಗೆ ಬಿಡುಗಡೆ ಒಮ್ಮೆಗೇ ದೊರೆಯುವುದಿಲ್ಲ, ನಿತ್ಯವೂ ಗಳಿಸಿಕೊಳ್ಳಬೇಕಾಗುತ್ತದೆ ಎಂಬ ಸತ್ಯವೂ ಈ ಮರುಕಳಿಕೆಯಲ್ಲಿದೆ.

5. ಹೊರನಾಡಿನ ತಾಯಿ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಆಯಾಮವಿದೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಶಾಲೆ, ಕಚೇರಿ, ಬೀದಿಗಳ ಭಾಷೆಗಳು ಬೇರೆ. ಅನೇಕ ಕಡೆ ಮಕ್ಕಳ ಕಿವಿಗೆ ಕನ್ನಡ ಬಿದ್ದುದು ತಾಯಿಯ ಬಾಯಿಂದ. ಆ ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದಾಗ ಅವಳಿಗೆ ದಿನವಿಡೀ ಕನ್ನಡವಾಡಲು ಇದ್ದವರೂ ಹೋಗುತ್ತಾರೆ. ಇಲ್ಲಿ ಗೂಡು ನಿಜಕ್ಕೂ ಬರಿದಾಗುತ್ತದೆ, ಮಾತಿನ ಮಟ್ಟದಲ್ಲಿಯೂ. ‘ಆಯೀ ಕುಠೇ ಕಾಯ ಕರತೇ’ ಎಂಬ ಪ್ರಶ್ನೆಗೆ, ಊರಿನಿಂದ ದೂರದಲ್ಲಿ ಅವಳು ಒಂದು ಭಾಷೆಯನ್ನು ಉಳಿಸಿದಳು ಎಂಬುದೂ ಉತ್ತರವಾಗಬಲ್ಲದು. ಯಾವ ಸಮೀಕ್ಷೆಯ ನಿಮಿಷಗಳಲ್ಲಿಯೂ ಅದು ಲೆಕ್ಕಕ್ಕೆ ಬಂದಿಲ್ಲ.

ಮಕ್ಕಳು ದೊಡ್ಡವರಾದ ಮೇಲೆ ಕನ್ನಡ ಸ್ನಾತಕೋತ್ತರ ತರಗತಿಗೆ, ಸಂಶೋಧನೆಗೆ, ಬರವಣಿಗೆಗೆ ಮರಳಿದ ಗೃಹಿಣಿಯರು ಮುಂಬಯಿ ಕನ್ನಡ ವಲಯದಲ್ಲಿದ್ದಾರೆ. ಆಶುತೋಷನ ಸಾಕ್ಷ್ಯವಿಲ್ಲದೆ, ತಮ್ಮ ಅಕ್ಷರದ ಬಲದಿಂದಲೇ ನಡೆದ ಇವರ ಅನುಭವ ಧಾರಾವಾಹಿಗಿಂತ ನಂಜಮ್ಮನಿಗೆ ಹತ್ತಿರವಾದುದು. ಕಿರುತೆರೆಯ ತಾಯಿಯ ಅಧ್ಯಯನ ಪೂರ್ಣವಾಗಬೇಕಾದರೆ ಈ ಮಹಿಳೆಯರ ಪ್ರಬಂಧಗಳು, ಪತ್ರಗಳು, ಆತ್ಮಕಥನಗಳು ಅದರ ಪಕ್ಕದಲ್ಲಿಟ್ಟು ಓದಲ್ಪಡಬೇಕು. ‘ಇಂತಿ’ ಎಂದು ಮುಗಿಸುವ ಮೊದಲು ಆ ಪತ್ರದ ಒಡಲಲ್ಲಿ ಅವಳು ಏನು ಬರೆದಿದ್ದಳು ಎಂಬುದು ತಿಳಿಯುವುದು ಆಗಲೇ.